ಗೇಟಿಲ್ಲದ ಕಾಡಿನಲ್ಲಿ ಬಿಡಾರ

ಜೂನ್ ತಿಂಗಳಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಸುತ್ತಮುತ್ತ ಬದುಕುವವರಿಗೆ ಒಂದೇ ಆಸೆ. ಎಲ್ಲಾದರೂ ಮೇಲಕ್ಕೆ ಓಡಿಹೋಗಬೇಕು. ಮಧ್ಯಾಹ್ನ 43 ಡಿಗ್ರಿ, ರಾತ್ರಿಯಾದರೂ ಗೋಡೆ ಬಿಸಿ ಬಿಡುವುದಿಲ್ಲ. ಉತ್ತರಕ್ಕೆ ಎರಡೂವರೆ ಗಂಟೆ ಕಾರು ಓಡಿಸಿದರೆ ಫ್ಲ್ಯಾಗ್‌ಸ್ಟಾಫ್. ಸುಮಾರು 7,000 ಅಡಿ ಎತ್ತರದ ಊರು. ಊರಿನ ಸುತ್ತ ಪಾಂಡರೋಸಾ ಪೈನ್ ಮರಗಳ ಕಾಡು, ಕೊಕೊನಿನೊ ರಾಷ್ಟ್ರೀಯ ಅರಣ್ಯ. ಹೈವೇ ಬಿಟ್ಟು ಮಣ್ಣಿನ ರಸ್ತೆಗೆ ಇಳಿದು, ಒಂದಷ್ಟು ದೂರ ಹೋಗಿ, ಮುಂಚೆ ಯಾರೋ ಟೆಂಟ್ ಹಾಕಿದ್ದ ಜಾಗ ಖಾಲಿ ಇದ್ದರೆ ಅಲ್ಲೇ ಬಿಡಾರ ಹೂಡಬಹುದು. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ಹೆಸರು ಬರೆಸುವುದಿಲ್ಲ. 30 ದಿನದಲ್ಲಿ 14 ದಿನದ ತನಕ ಇರಬಹುದು. ಒಂದು ರೂಪಾಯಿ ಖರ್ಚಿಲ್ಲ. ಇದಕ್ಕೆ ಇಲ್ಲಿನವರು ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎನ್ನುತ್ತಾರೆ.

ಮೊದಲ ಸಲ ಆಫೀಸಿನಲ್ಲಿ ಯಾರೋ ಇದನ್ನು ಹೇಳಿದಾಗ ನಾನು ನಂಬಲಿಲ್ಲ. ಸರ್ಕಾರಿ ಕಾಡಿನಲ್ಲಿ ಸುಮ್ನೆ ಹೋಗಿ ಮಲಗೋದಾ? ಗಾರ್ಡ್ ಬಂದು ಎಬ್ಬಿಸಲ್ವಾ? ನಾನು ಶಿರಸಿ ಕಡೆಯವಳು. ನಮ್ಮಲ್ಲಿ ಕಾಡು ಅಂದ್ರೆ ಮೊದಲು ನೆನಪಾಗುವುದು ಮರ ಅಲ್ಲ, ಫಾರೆಸ್ಟರು.

ಈ ದೇಶದ ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ ಹುಟ್ಟಿದ್ದು 1905ರಲ್ಲಿ. ಅದು ಇರುವುದು ಕೃಷಿ ಇಲಾಖೆಯ ಕೆಳಗೆ. ಅಂದರೆ ಕಾಡನ್ನು ಒಂದು ರೀತಿ ಬೆಳೆಯ ಹಾಗೆ ನೋಡಿದವರು ಇವರು: ಮರ ಕಡಿಯಬಹುದು, ದನ ಮೇಯಿಸಬಹುದು, ಬೇಟೆ ಆಡಬಹುದು, ಬಿಡಾರ ಹೂಡಬಹುದು, ಎಲ್ಲಕ್ಕೂ ಲೆಕ್ಕ ಇರಬೇಕು. ನ್ಯಾಷನಲ್ ಪಾರ್ಕುಗಳ ಕಥೆ ಬೇರೆ, ಅಲ್ಲಿ ಗೇಟು, ಫೀಸು, ರೇಂಜರ್ ಎಲ್ಲ ಇದ್ದಾರೆ. ರಾಷ್ಟ್ರೀಯ ಅರಣ್ಯಗಳದ್ದೇ ಒಟ್ಟು ವಿಸ್ತಾರ ಸುಮಾರು 19.3 ಕೋಟಿ ಎಕರೆ. ಇಡೀ ಕರ್ನಾಟಕದ ನಾಲ್ಕರಷ್ಟು. ಇಷ್ಟಕ್ಕೂ ಕಾವಲು ಹಾಕಲು ಯಾವ ಸರ್ಕಾರಕ್ಕೂ ಆಗಲ್ಲ. ಹಾಗಾಗಿ ಹಾಕಿಲ್ಲ.

ಎಲ್ಲಿ ಬೇಕಾದರೂ ಎಂದರೆ ನಿಜವಾಗಿ ಎಲ್ಲಿ ಬೇಕಾದರೂ ಅಲ್ಲ. ಅರಣ್ಯದವರು ವಾಹನ ಓಡಾಟದ ನಕ್ಷೆ ಅಂತ ಒಂದು ಕೊಡುತ್ತಾರೆ, ಪುಕ್ಕಟೆ. ಕಪ್ಪು ಬಿಳುಪಿನ ನಕ್ಷೆ, ನೋಡಲು ಏನೂ ಚೆಂದವಿಲ್ಲ. ಯಾವ ರಸ್ತೆಯಲ್ಲಿ ಕಾರು ಹೋಗಬಹುದು, ಯಾವ ರಸ್ತೆಯ ಅಂಚಿನಿಂದ 300 ಅಡಿ ಒಳಗೆ ತನಕ ಬಿಡಾರಕ್ಕಾಗಿ ಕಾರು ಒಯ್ಯಬಹುದು ಎಂದು ಅದರಲ್ಲಿ ಚುಕ್ಕೆ ಹಾಕಿ ತೋರಿಸಿರುತ್ತಾರೆ. ಉಳಿದ ಕಡೆ ರಸ್ತೆ ಪಕ್ಕಕ್ಕೇ ನಿಲ್ಲಿಸಿ, ಸಾಮಾನು ಹೊತ್ತುಕೊಂಡು ಹೋಗಬೇಕು. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಕಾಡುಪ್ರಾಣಿಗಳೋ ದನವೋ ನೀರು ಕುಡಿಯುವ ಹೊಂಡದಿಂದ ಕಾಲು ಮೈಲಿಯೊಳಗೆ ಬಿಡಾರ ಹೂಡಬಾರದು. ಅರಿಜೋನಾದ ಕಾನೂನೇ ಹಾಗಿದೆ. ಒಣ ಸೀಮೆ ಇದು, ಮೈಲಿಗಟ್ಟಲೆ ಒಂದೇ ಹೊಂಡ ಇರುತ್ತದೆ. ನಾವು ಅದರ ದಂಡೆಯಲ್ಲಿ ಟಾರ್ಚ್ ಹಾಕಿಕೊಂಡು ಕೂತರೆ ಪಾಪ, ಅವು ಎಲ್ಲಿಗೆ ಹೋಗಬೇಕು?

ಹೋದ ಬೇಸಿಗೆಯಲ್ಲಿ ಒಂದು ಕನ್ನಡದ ಕುಟುಂಬ ನಮ್ಮ ಜೊತೆ ಬರುತ್ತೇನೆ ಎಂದಿತು. ಅವರು ಮೊದಲು ಕೇಳಿದ್ದು, ಅಲ್ಲಿ ಏನೇನಿದೆ? ಏನೂ ಇಲ್ಲ ಎಂದೆ. ಟಾಯ್ಲೆಟ್? ಇಲ್ಲ. ನಲ್ಲಿ? ಇಲ್ಲ. ಕಸದ ಡಬ್ಬಿ? ಅದೂ ಇಲ್ಲ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಇರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅಲ್ಲಿಗೆ ಯಾಕೆ ಹೋಗ್ತೀರಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ಊರಲ್ಲಿ ನಮ್ಮ ಆಯಿ ಕೇಳುವುದೂ ಅದನ್ನೇ, "ಮನೆ ಇದ್ದೂ ಕಾಡಲ್ಲಿ ಮಲಗದು ಎಂತಕ್ಕೆ ಕೂಸೆ?"

ತಂಪಿಗೆ ಎಂದು ನಾನು ಹೇಳುತ್ತೇನೆ. ಅದು ಅರ್ಧ ಸತ್ಯ. ತಂಪು ಬೇಕಾದರೆ ಫ್ಲ್ಯಾಗ್‌ಸ್ಟಾಫಿನಲ್ಲಿ ಹೋಟೆಲ್ ರೂಮು ಹಿಡಿಯಬಹುದು. ಕಾಡಿಗೆ ಹೋದರೆ, ಮನೆಯಲ್ಲಿ ನಲ್ಲಿ, ಫ್ಲಶ್ಶು, ಸ್ವಿಚ್ಚು ಮಾಡುವ ಕೆಲಸವನ್ನೆಲ್ಲ ನಾವೇ ಮಾಡಬೇಕು. ಆ ಕೆಲಸದಲ್ಲೇ ದಿನ ಹೋಗುತ್ತದೆ. ನನಗೆ ಹಿಡಿಸಿದ್ದು ಅದು.

ನೀರಿನಿಂದಲೇ ಶುರು ಮಾಡೋಣ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್ ಎಂಬುದು ಇಲ್ಲಿನವರ ಲೆಕ್ಕ. ಅನ್ನ ಸಾರು ಮಾಡಿ, ಪಾತ್ರೆ ತೊಳೆದು, ಕೈಕಾಲು ಮುಖ ತೊಳೆಯುವ ನಮ್ಮಂಥವರಿಗೆ ಅದು ಸಾಲಲ್ಲ. ನಾವು ನೀಲಿ ಕ್ಯಾನುಗಳಲ್ಲಿ ಅದರ ಎರಡರಷ್ಟು ತುಂಬಿಕೊಂಡು ಹೋಗುತ್ತೇವೆ. ಆದರೂ ಎರಡನೇ ದಿನ ಸಂಜೆಗೆ ಎಲ್ಲರ ಕೈಯೂ ಬಿಗಿಯಾಗುತ್ತದೆ. ಮನೆಯಲ್ಲಿ ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ಇರುವ ಮಗಳು ಇಲ್ಲಿ ಅರ್ಧ ಲೋಟದಲ್ಲಿ ಮುಗಿಸುತ್ತಾಳೆ. ಮನೆಗೆ ಬಂದ ಮೇಲೆ ಮತ್ತೆ ಶುರು, ಅದು ಬೇರೆ ವಿಷಯ.

ಅಡುಗೆಗೆ ಕುಕ್ಕರ್ ಬೇಕೇ ಬೇಕು. ಆ ಎತ್ತರದಲ್ಲಿ ನೀರು 93 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವುದೇನೋ ಬೇಗ, ಆದರೆ ಬೇಯಿಸುವ ಶಕ್ತಿ ಅದಕ್ಕಿಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಮೇಲೆ ನೊರೆ ಬರುತ್ತದೆ, ಬೇಳೆ ಮಾತ್ರ ಹಲ್ಲಿಗೆ ಸಿಗುತ್ತಲೇ ಇರುತ್ತದೆ. ಹಾಗಾಗಿ ಎರಡು ಬರ್ನರಿನ ಪ್ರೊಪೇನ್ ಸ್ಟವ್ ಮೇಲೆ ನಮ್ಮ ಮೂರು ಲೀಟರಿನ ಕುಕ್ಕರ್ ಏರುತ್ತದೆ. ಅದರ ಸೀಟಿ ಪೈನ್ ಮರಗಳ ನಡುವೆ ಎಷ್ಟು ದೂರ ಹೋಗುತ್ತದೆ ಅಂದ್ರೆ, ಒಮ್ಮೆ ಆಚೆ ಬಿಡಾರದ ಮುದುಕರೊಬ್ಬರು ಏನೋ ಅನಾಹುತ ಆಯಿತೆಂದು ಓಡಿ ಬಂದರು. ಬಂದವರು ತಟ್ಟೆ ಹಿಡಿದು ಅನ್ನ ತಂಬುಳಿ ತಿಂದು ಹೋದರು. ತಂಬುಳಿ ಏನೆಂದು ಅವರಿಗೆ ವಿವರಿಸಲು ನಮ್ಮನೆಯವರು ಪಟ್ಟ ಪಾಡು ನೋಡಬೇಕಿತ್ತು. ತಿಂದು ಉಳಿದದ್ದೆಲ್ಲ ಆಮೇಲೆ ಕಾರಿನೊಳಗೆ, ಗಾಜು ಏರಿಸಿ ಬೀಗ. ಈ ಭಾಗದಲ್ಲಿ ಕರಡಿ ಕಡಿಮೆ, ಆದರೆ ಇಲ್ಲ ಅನ್ನುವ ಹಾಗಿಲ್ಲ.

ಈಗ ಯಾರೂ ಬಾಯಿ ಬಿಟ್ಟು ಕೇಳದ, ಎಲ್ಲರಿಗೂ ಬೇಕಾದ ವಿಷಯ. ಒಂದು ಪುಟ್ಟ ಗುದ್ದಲಿ ಒಯ್ಯಬೇಕು. ನೀರು, ದಾರಿ, ಬಿಡಾರ ಮೂರರಿಂದಲೂ 200 ಅಡಿ ದೂರ ಹೋಗಿ, ಆರೆಂಟು ಇಂಚು ಆಳದ ಗುಂಡಿ ತೋಡಿ, ಕೆಲಸ ಮುಗಿಸಿ, ಅದೇ ಮಣ್ಣು ಮುಚ್ಚಬೇಕು. ಓದಲು ಸುಲಭ. ಫ್ಲ್ಯಾಗ್‌ಸ್ಟಾಫಿನ ಉತ್ತರಕ್ಕೆ ನೆಲವೆಲ್ಲ ಹಳೆಯ ಜ್ವಾಲಾಮುಖಿಗಳ ಕರಿ ಹರಳು. ಅಲ್ಲಿನ ಸನ್‌ಸೆಟ್ ಕ್ರೇಟರ್ ಸಿಡಿದು ಇನ್ನೂ ಸಾವಿರ ವರ್ಷವೂ ಆಗಿಲ್ಲ. ಎರಡಿಂಚು ತೋಡುವಷ್ಟರಲ್ಲಿ ಹರಳು ಜಾರಿ ಗುಂಡಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಕಡೆ ತೋಡಿದರೆ ಬೇರು. ತುರ್ತು ಇರುವಾಗ ತೋಡಲು ಹೊರಟರೆ ಅಧೋಗತಿ. ಬಿಡಾರ ಹೂಡಿದ ಕೂಡಲೇ, ಟೆಂಟಿಗಿಂತ ಮೊದಲು, ಮಣ್ಣು ಮೆತ್ತಗಿರುವ ಜಾಗ ಹುಡುಕಿ ಗುಂಡಿ ತೋಡಿಟ್ಟುಕೊಳ್ಳುವುದು ನಮ್ಮ ಪದ್ಧತಿ. ಒಣ ಹವೆಯಲ್ಲಿ ಕಾಗದ ಕರಗುವುದಿಲ್ಲ. ಅದನ್ನು ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು ಎಂದು ಬಲ್ಲವರು ಹೇಳುತ್ತಾರೆ. ತರುವವರು ಕಡಿಮೆ. ಚೆಂದದ ಜಾಗದ ಸುತ್ತ ಪ್ರತಿ ಪೊದೆಯ ಬುಡದಲ್ಲೂ ಬಿಳಿ ಕಾಗದ ಹಾರಾಡುತ್ತಿರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಚೊಂಬಿನ ಸಂಸ್ಕೃತಿಗೆ ಸಾಟಿ ಇಲ್ಲ. ನಾನು ಚಿಕ್ಕವಳಿದ್ದಾಗ ಬೆಟ್ಟಕ್ಕೆ ಚೊಂಬು ಹಿಡಿದು ಹೋಗುವುದು ನಾಚಿಕೆಯ ವಿಷಯ ಆಗಿತ್ತು. ಈಗ ನೋಡಿದರೆ, ಕಾಡಿನಲ್ಲಿ ಏನೂ ಉಳಿಸದೆ ಬರುವ ವಿದ್ಯೆ ಅದೇ.

ರಾತ್ರಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆಯುತ್ತಾರೆ. ಫ್ಲ್ಯಾಗ್‌ಸ್ಟಾಫ್ 2001ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕತ್ತಲ ಆಕಾಶದ ಊರು ಎನಿಸಿಕೊಂಡಿತು. 1930ರಲ್ಲಿ ಪ್ಲೂಟೊ ಪತ್ತೆಯಾದದ್ದೂ ಇಲ್ಲಿನ ಲೊವೆಲ್ ವೀಕ್ಷಣಾಲಯದಲ್ಲಿ. ಊರವರು ಬೀದಿದೀಪಗಳನ್ನೇ ತಗ್ಗಿಸಿಕೊಂಡಿದ್ದಾರೆ. ಅದರ ಲಾಭ ಕಾಡಿನಲ್ಲಿ ಮಲಗುವ ನಮಗೆ. ಸೆಪ್ಟೆಂಬರಿನಲ್ಲಿ ಹೋದರೆ ಗಂಡು ಎಲ್ಕ್ ಕೂಗುವುದು ಕೇಳಿಸುತ್ತದೆ. ಕಡವೆಯ ನೆಂಟ, ಅಷ್ಟು ದೊಡ್ಡ ದೇಹ, ಆದರೆ ದನಿ ತೆಳ್ಳಗಿನ ಸಿಳ್ಳೆ. ಬೆಳಗಿನ ಜಾವ ಟೆಂಟಿನ ಪಕ್ಕ ಭುಸ್ ಎಂದರೆ ಹೆದರಬೇಡಿ, ಹೆಚ್ಚಿನ ಸಲ ಅದು ದನ. ಹೇಳಿದೆನಲ್ಲ, ಇಲ್ಲಿ ಮೇಯಿಸಲು ಪರವಾನಗಿ ಕೊಡುತ್ತಾರೆ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಕ್ಯಾಂಪಿಂಗ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಬೆಂಕಿ, ಸುತ್ತ ಕೂತ ಜನ. ಈ ಕಾಡಿನಲ್ಲಿ ಮೇ, ಜೂನ್ ಬಂತೆಂದರೆ ಹೆಚ್ಚಿನ ವರ್ಷ ಬೆಂಕಿ ನಿಷೇಧ. ಮೊದಲ ಹಂತದಲ್ಲಿ ಫೀಸು ಕೊಡುವ ಕ್ಯಾಂಪ್‌ಗ್ರೌಂಡುಗಳ ಕಬ್ಬಿಣದ ಒಲೆಯಲ್ಲಿ ಮಾತ್ರ ಹಚ್ಚಬಹುದು, ಎರಡನೇ ಹಂತದಲ್ಲಿ ಅಲ್ಲೂ ಇಲ್ಲ. ತಿರುವಿ ಆರಿಸಬಹುದಾದ ಗ್ಯಾಸ್ ಸ್ಟವ್ ಮಾತ್ರ ನಡೆಯುತ್ತದೆ. 2021ರ ಜೂನ್ ಕೊನೆಯಲ್ಲಂತೂ ಇಡೀ ಕೊಕೊನಿನೊ ಅರಣ್ಯವನ್ನೇ ಜನರಿಗೆ ಮುಚ್ಚಿಬಿಟ್ಟರು. ಕಾರಣ ಏನೆಂದು ಆ ನೆಲದ ಮೇಲೆ ನಡೆದರೆ ಗೊತ್ತಾಗುತ್ತದೆ. ಅಂಗೈಯುದ್ದದ ಒಣ ಪೈನ್ ಸೂಜಿಗಳು ಪಾದ ಮುಳುಗುವಷ್ಟು ಬಿದ್ದಿರುತ್ತವೆ. ಒಂದು ಹಿಡಿ ತೆಗೆದು ಹಿಸುಕಿದರೆ ಪುಡಿಪುಡಿ.

2010ರ ಜೂನಿನಲ್ಲಿ ಫ್ಲ್ಯಾಗ್‌ಸ್ಟಾಫಿನ ಉತ್ತರಕ್ಕೆ ಯಾರೋ ಹಚ್ಚಿದ ಬಿಡಾರದ ಬೆಂಕಿಯನ್ನು ಪೂರ್ತಿ ಆರಿಸದೆ ಎದ್ದು ಹೋದರು. ಅದು ಗಾಳಿಗೆ ಎದ್ದು ಸುಮಾರು 15,000 ಎಕರೆ ಸುಟ್ಟಿತು. ಶುಲ್ಟ್ಜ್ ಫೈರ್ ಎಂದು ಅದಕ್ಕೆ ಹೆಸರು. ಬೆಂಕಿಯಿಂದ ಯಾರೂ ಸಾಯಲಿಲ್ಲ. ಆದರೆ ಜುಲೈನಲ್ಲಿ ಮಳೆಗಾಲ ಬಂತು. ಹೌದು, ಇಲ್ಲೂ ಮಾನ್ಸೂನ್ ಅಂತಲೇ ಕರೆಯುತ್ತಾರೆ, ಜುಲೈ ಆಗಸ್ಟಿನಲ್ಲಿ ಮಧ್ಯಾಹ್ನ ಗುಡುಗಿ ಸುರಿಯುತ್ತದೆ. ಸುಟ್ಟ ಬೆಟ್ಟಕ್ಕೆ ನೀರು ಹಿಡಿಯುವ ಶಕ್ತಿ ಇರಲಿಲ್ಲ. ಬೂದಿ, ಕಲ್ಲು, ಮರದ ದಿಮ್ಮಿ ಎಲ್ಲ ಕೆಳಗಿನ ಮನೆಗಳ ಕಡೆ ನುಗ್ಗಿತು. 12 ವರ್ಷದ ಹುಡುಗಿಯೊಬ್ಬಳು ಆ ಪ್ರವಾಹದಲ್ಲಿ ತೀರಿಕೊಂಡಳು. ಆ ಬೆಂಕಿ ಹಚ್ಚಿ ಹೋದವರು ಬಹುಶಃ ಮನೆಗೆ ಹೋಗಿ ಸ್ನಾನ ಮಾಡಿ, ಚೆನ್ನಾಗಿತ್ತು ಟ್ರಿಪ್ ಎಂದುಕೊಂಡಿರುತ್ತಾರೆ.

ನಿಷೇಧ ಇಲ್ಲದಾಗಲೂ ನಮ್ಮ ಬಿಡಾರದಲ್ಲಿ ಬೆಂಕಿ ಅಪರೂಪ. ಹಚ್ಚಿದರೆ ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಅಂಗೈ ಹಿಂಭಾಗ ಹತ್ತಿರ ಹಿಡಿದು ನೋಡಬೇಕು. ಬಿಸಿ ತಾಗಿದರೆ ಇನ್ನೊಂದು ಸಲ. ಕ್ಯಾನಿನಲ್ಲಿ ಕುಡಿಯುವ ನೀರೇ ಲೆಕ್ಕದ್ದು ಇರುವಾಗ ಅದರಲ್ಲಿ ಹತ್ತು ಲೀಟರ್ ಬೆಂಕಿಗೆ ಸುರಿಯಬೇಕೆಂದರೆ, ಹಚ್ಚುವ ಆಸೆಯೇ ಕಡಿಮೆಯಾಗುತ್ತದೆ.

ನನಗೆ ಈ ಕಾಡಿನಲ್ಲಿ ಮತ್ತೆ ಮತ್ತೆ ಕಾಡುವ ಪ್ರಶ್ನೆ ಇದು. ಇದು ನಡೆಯುತ್ತಿರುವುದು ಹೇಗೆ? ಗಾರ್ಡ್ ಇಲ್ಲ, ಕ್ಯಾಮೆರಾ ಇಲ್ಲ, ಹೆಸರು ಬರೆದುಕೊಂಡವರಿಲ್ಲ.

ನಮ್ಮ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಅಂತ ಇದೆ. ಜಾಗ ಸರ್ಕಾರದ್ದು, ಅರಣ್ಯ ಇಲಾಖೆಯದ್ದು. ತೋಟದ ಗೊಬ್ಬರಕ್ಕೆ ಅಲ್ಲಿ ಸೊಪ್ಪು ಕಡಿಯುವ, ದರಕು ಗುಡಿಸುವ ಹಕ್ಕು ಮಾತ್ರ ರೈತನಿಗೆ. ಬ್ರಿಟಿಷರ ಕಾಲದಿಂದ ಬಂದ ಏರ್ಪಾಟು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ. ಅಪ್ಪಯ್ಯ ನಮ್ಮ ಬೆಟ್ಟದಲ್ಲಿ ಒಂದು ಮರದ ಸೊಪ್ಪನ್ನು ಒಂದೇ ವರ್ಷ ಪೂರ್ತಿ ಬೋಳಿಸಲು ಬಿಡುತ್ತಿರಲಿಲ್ಲ. ತುದಿ ಬಿಡಿ, ತುದಿ ಬಿಡಿ ಎಂದು ಕೆಳಗೆ ನಿಂತು ಕೂಗುತ್ತಿದ್ದರು. ಬೇಲಿಯಾಚೆ ಇನ್ನೊಬ್ಬರ ಬೆಟ್ಟದಲ್ಲಿ ಮತ್ತಿ, ಹೊನ್ನೆ ಎಲ್ಲ ಹೋಗಿ ಬರೀ ಹುಲ್ಲು. ಎರಡಕ್ಕೂ ಕಾನೂನು ಒಂದೇ, ಗಾರ್ಡೂ ಒಬ್ಬನೇ. ಆದರೆ ಊರಲ್ಲಿ ಒಂದು ಹಿಡಿತ ಇತ್ತು. ಯಾರ ಬೆಟ್ಟ ಬೋಳಾಗಿದೆ ಎಂದು ಎಲ್ಲರಿಗೂ ಗೊತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಅದು ಮಾತಾಗುತ್ತದೆ. ಹೆಸರು ಕೆಡುತ್ತದೆ.

ಕೊಕೊನಿನೊದಲ್ಲಿ ಹೆಸರು ಕೆಡುವ ಮಾತೇ ಇಲ್ಲ. ನನ್ನ ಮುಂಚೆ ಇಲ್ಲಿ ಮಲಗಿದವರು ಯಾರೆಂದು ನನಗೆ ಗೊತ್ತಿಲ್ಲ, ನನ್ನ ನಂತರ ಬರುವವರಿಗೆ ನಾನು ಗೊತ್ತಾಗುವುದಿಲ್ಲ. ಆದರೂ ಹತ್ತರಲ್ಲಿ ಆರೇಳು ಜಾಗ ಸ್ವಚ್ಛ ಇರುತ್ತದೆ. ಒಮ್ಮೆ ಯಾರೋ ಉಳಿದ ಸೌದೆಯನ್ನು ಅಚ್ಚುಕಟ್ಟಾಗಿ ಮರದ ಬುಡಕ್ಕೆ ಒಟ್ಟಿಟ್ಟು ಹೋಗಿದ್ದರು, ಮುಂದೆ ಬರುವವರಿಗೆ ಅಂತ. ಉಳಿದ ಮೂರ್ನಾಲ್ಕು ಜಾಗದ ಕಥೆ ಹೇಳಬಾರದು. ಸುಟ್ಟ ಬಿಯರ್ ಕ್ಯಾನು, ಗುಂಡು ಹೊಡೆದು ಚೂರು ಮಾಡಿದ ಗಾಜು, ಮಕ್ಕಳ ಡೈಪರ್, ಒಂದು ಸಲ ಇಡೀ ಸೋಫಾ. ಆ ಸೋಫಾವನ್ನು ಮನೆಯಿಂದ ಹೇರಿಕೊಂಡು ಬಂದವರಿಗೆ ವಾಪಸ್ ಒಯ್ಯಲು ಏನು ಕಷ್ಟ ಬಂತೋ.

ಕೆಟ್ಟದ್ದು ಮಾಡಿದವರಿಗೆ ಶಿಕ್ಷೆ ಆಗುವುದಿಲ್ಲ. ಶಿಕ್ಷೆ ಆಗುವುದು ಜಾಗಕ್ಕೆ. ಕಸ ಜಾಸ್ತಿಯಾದ ರಸ್ತೆಗೆ ಒಂದು ದಿನ ಬಂಡೆ ಉರುಳಿಸಿ ದಾರಿ ಬಂದ್ ಮಾಡುತ್ತಾರೆ. ಸೆಡೋನಾ ಊರಿನ ಪಶ್ಚಿಮಕ್ಕೆ ಕೆಂಪು ಬಂಡೆಗಳ ನೋಟ ಇರುವ ಜಾಗಗಳಿಗೆ ಮೊಬೈಲಿನಲ್ಲಿ ಫೋಟೋ ನೋಡಿದವರೆಲ್ಲ ನುಗ್ಗಿದರು. ಈಗ ಅಲ್ಲಿ ಗುರುತು ಮಾಡಿದ ಜಾಗಗಳಲ್ಲಿ ಮಾತ್ರ ಬಿಡಾರ. ಆ ಕಾರಣಕ್ಕೇ ಈ ಬರಹದಲ್ಲಿ ನಾವು ಹೋಗುವ ರಸ್ತೆಯ ನಂಬರ್ ಹಾಕಿಲ್ಲ. ಸ್ವಾರ್ಥ ಅಂದುಕೊಂಡರೂ ಪರವಾಗಿಲ್ಲ. ಒಂದು ನಕ್ಷೆ, ಒಂದು ಟ್ಯಾಂಕ್ ಪೆಟ್ರೋಲು ಇದ್ದರೆ ನಿಮ್ಮದೇ ಜಾಗ ನಿಮಗೆ ಸಿಗುತ್ತದೆ.

ಅಕ್ಕಪಕ್ಕದಲ್ಲಿ ಇರುವವರೆಲ್ಲ ನಮ್ಮ ಹಾಗೆ ರಜೆಗೆ ಬಂದವರಲ್ಲ. ಇದು ನನಗೆ ತಡವಾಗಿ ಕಾಣಿಸಿತು. ಹಳೆಯ ವ್ಯಾನು, ಅದರ ಮೇಲೆ ಕಟ್ಟಿದ ತಾರ್ಪಾಲು, ಹಗ್ಗದ ಮೇಲೆ ಆಫೀಸಿನ ಅಂಗಿ. ಫ್ಲ್ಯಾಗ್‌ಸ್ಟಾಫಿನಲ್ಲಿ ಬಾಡಿಗೆ ಕಟ್ಟಲಾಗದೆ ಕಾಡಿನಿಂದಲೇ ಕೆಲಸಕ್ಕೆ ಹೋಗಿ ಬರುವವರು ಇವರು. 14 ದಿನದ ನಿಯಮ ನಮಗೆ ಧಾರಾಳ, ಅವರಿಗೆ ತಲೆನೋವು. ಎರಡು ವಾರಕ್ಕೊಮ್ಮೆ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬೇಕು. ನಾವು ಸೌಕರ್ಯ ಬಿಟ್ಟು ಎರಡು ದಿನ ಇರುವುದನ್ನು ಸಾಹಸ ಎಂದು ಹೇಳಿಕೊಳ್ಳುತ್ತೇವೆ. ಅವರ ಮುಂದೆ ಆ ಮಾತು ಆಡಲು ನನಗೆ ಬಾಯಿ ಬರುವುದಿಲ್ಲ.

ಇನ್ನೂ ಹಿಂದೆ ಹೋದರೆ, ಈ ಜಾಗ ಫಾರೆಸ್ಟ್ ಸರ್ವಿಸ್‌ಗಿಂತ ಮೊದಲೇ ಬೇರೆಯವರದ್ದು. ಟೆಂಟಿನಿಂದ ಕಾಣುವ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು ನವಾಹೊ, ಹೋಪಿ ಸೇರಿ 13 ಬುಡಕಟ್ಟುಗಳಿಗೆ ಪವಿತ್ರ. ನನಗೆ ಅದು ಬೆಳಗಿನ ಕಾಫಿಯ ಜೊತೆಗಿನ ನೋಟ, ಅವರಿಗೆ ದೇವಸ್ಥಾನ. ಶಿಖರಗಳ ಕಡೆ ಮುಖ ಮಾಡಿ ಗುಂಡಿ ತೋಡಬೇಡ ಎಂದು ಮಗಳು ಒಮ್ಮೆ ಅಪ್ಪನಿಗೆ ತಾಕೀತು ಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿಗೆ ಹೋದಾಗ ಸ್ನೇಹಿತರು ಕೇಳುತ್ತಾರೆ, ನಮ್ಮಲ್ಲೂ ಹೀಗೆ ಬಿಡಬೇಕು ಅಲ್ವಾ ಅಂತ. ಬೇಡ ಎನ್ನುತ್ತೇನೆ. ಕರ್ನಾಟಕದಲ್ಲಿ 2023ರ ಗಣತಿಯ ಪ್ರಕಾರ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಅಲ್ಲಿ ಕಂಡ ಕಂಡಲ್ಲಿ ಟೆಂಟ್ ಹೂಡುವುದು ಆನೆಗೂ ಕಷ್ಟ, ನಮಗೂ ಕಷ್ಟ. ಕಾಡು ಚಿಕ್ಕದು, ಜನ ಜಾಸ್ತಿ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ಹತ್ತಿದ ವಿಡಿಯೋ ನೀವೂ ನೋಡಿರಬಹುದು, ಸಾಲು ಜಾತ್ರೆಯಂತೆ ನಿಂತಿತ್ತು. ಆಮೇಲೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಆಗುವ ತನಕ ಚಾರಣವನ್ನೇ ನಿಲ್ಲಿಸಿದರು. ಆಗ ಇಲಾಖೆಯನ್ನು ಬೈದವರು ಬಹಳ. ನಾನು ಬೈಯಲಿಲ್ಲ. ಗೇಟು ಬೇಕಾದ ಕಾಡುಗಳೂ ಇವೆ. ನನ್ನ ತಕರಾರು ಇರುವುದು ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಸಾಲಾಗಿ ಟೆಂಟ್ ಹಾಕಿ, ಸ್ಪೀಕರ್ ಹಚ್ಚಿ, ಅದಕ್ಕೆ ಕ್ಯಾಂಪಿಂಗ್ ಎಂದು ಕರೆಯುವವರ ಮೇಲೆ. ಇರಲಿ, ಅದಕ್ಕೆ ಬೇರೆಯೇ ಬರಹ ಬೇಕು.

ಹೊರಡುವ ದಿನ ನಮ್ಮ ಮನೆಯಲ್ಲಿ ಒಂದು ಜಗಳ ತಪ್ಪುವುದಿಲ್ಲ. ಬೆಂಕಿಯ ಸುತ್ತ ಹಿಂದಿನವರು ಜೋಡಿಸಿದ ಕಲ್ಲಿನ ವೃತ್ತವನ್ನು ಏನು ಮಾಡಬೇಕು? ನಮ್ಮನೆಯವರ ವಾದ, ಬಿಚ್ಚಿ ಕಲ್ಲುಗಳನ್ನು ಚದುರಿಸಬೇಕು, ಕಾಡು ಇದ್ದ ಹಾಗೆ ಇರಬೇಕು. ನನ್ನ ವಾದ, ಹಾಗೆ ಮಾಡಿದರೆ ಮುಂದೆ ಬಂದವರು ಹತ್ತಡಿ ಆಚೆ ಹೊಸ ನೆಲ ಸುಟ್ಟು ಹೊಸ ವೃತ್ತ ಮಾಡುತ್ತಾರೆ. ಇರುವುದನ್ನು ಬಿಟ್ಟರೆ ಸುಡುವುದು ಅದೊಂದೇ ಜಾಗ. ಹೋದ ಸಲ ಒಂದೇ ಬಿಡಾರದಲ್ಲಿ ಮೂರು ವೃತ್ತ ಇದ್ದವು. ಎರಡನ್ನು ಅವರು ಬಿಚ್ಚಿದರು, ಮರದ ಬುಡಕ್ಕೆ ತೀರಾ ಹತ್ತಿರ ಇದ್ದವು. ಮೂರನೆಯದರ ಬೂದಿಯನ್ನು ನಾನು ಬಕೆಟ್ಟಿಗೆ ಬಳಿದು ಕಾರಿಗೆ ಹಾಕಿದೆ, ಕಲ್ಲು ಹಾಗೇ ಬಿಟ್ಟೆ. ಬೂದಿಯನ್ನು ಮನೆ ತನಕ ಯಾಕೆ ತರಬೇಕು ಎಂದು ದಾರಿಯುದ್ದಕ್ಕೂ ಗೊಣಗಿದರು. ಅದರಲ್ಲಿ ಯಾರದ್ದೋ ಕರಗಿದ ಪ್ಲಾಸ್ಟಿಕ್ಕು, ಮೊಳೆ ಎಲ್ಲ ಇತ್ತು. ಬೇರೆ ಎಲ್ಲಿ ಹಾಕುವುದು ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.